ಗರ್ಭಿಣಿಯ ತುರಿಕೆಗೆ ಮಣ್ಣಿನಿಂದ ಬಂದ ಮದ್ದು: ಎಲಿಜಬೆತ್ ಹೇಜನ್ ಅವರ ಕಥೆ

ಜೂನ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಬೂಷ್ಟಿನ ಜೊತೆ ಜಗಳ ಶುರು. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಕಪಾಟಿನಲ್ಲಿ ಜೋಪಾನವಾಗಿಟ್ಟ ಸೀರೆಗೂ ಬೂಷ್ಟು. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಹತ್ತಿರ ಹರವಿದರೆ ಹೊಗೆ ವಾಸನೆ. ತೋಟದಲ್ಲಿ ಅಡಿಕೆಗೆ ಕೊಳೆ. ಇದನ್ನೆಲ್ಲ ಜಗಲಿಯಲ್ಲಿ ಕೂತು ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ಆದರೆ ಬೂಷ್ಟಿನ ಕುಲಕ್ಕೇ ಸೇರಿದ ಒಂದು ಸೂಕ್ಷ್ಮಜೀವಿ ಮನೆಯ ಗರ್ಭಿಣಿಗೆ ಕಾಟ ಕೊಟ್ಟರೆ ಮಾತ್ರ ಎಲ್ಲರ ದನಿ ತಗ್ಗುತ್ತದೆ.

ಅವಳಿಗೆ ಕೆಳಗೆ ವಿಪರೀತ ತುರಿಕೆ, ಮೂತ್ರ ಹೋಗುವಾಗ ಉರಿ, ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾದ ಬಿಳಿಸೆರಗು. ಯಾರಿಗೆ ಹೇಳುವುದು? ಗಂಡನಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಿದರೆ ಮೈಗೆ ಉಷ್ಣವಾಗಿದೆ, ಎಳನೀರು ಕುಡಿ ಎನ್ನುತ್ತಾರೆ. ಕೊನೆಗೆ ಕೈಯಲ್ಲಿರುವ ಫೋನ್ ನೋಡುತ್ತಾಳೆ. ಮೊಸರು ಹಚ್ಚಿ, ಬೆಳ್ಳುಳ್ಳಿ ಇಡಿ, ಅಡುಗೆ ಸೋಡಾ ನೀರಲ್ಲಿ ತೊಳೆಯಿರಿ ಎಂಬ ಸಲಹೆಗಳು ಅಲ್ಲಿ ಬೇಕಾದಷ್ಟಿವೆ. ಒಂದೇ ಮಾತ್ರೆ ನುಂಗಿದರೆ ಒಂದೇ ದಿನದಲ್ಲಿ ವಾಸಿ ಎನ್ನುವ ಸಲಹೆಯೂ ಇದೆ. ಇವುಗಳಲ್ಲಿ ಹೆಚ್ಚು ಎಚ್ಚರ ಬೇಕಿರುವುದು ಈ ಕೊನೆಯದರ ಬಗ್ಗೆ.

ಯಾಕೆ ಎಂದು ತಿಳಿಯಬೇಕಾದರೆ ಅಮೆರಿಕದ ಒಬ್ಬ ಮಹಿಳೆಯ ಬದುಕನ್ನು ನೋಡಬೇಕು. ಅವರ ಹೆಸರು ಎಲಿಜಬೆತ್ ಲೀ ಹೇಜನ್. ಶಿಲೀಂಧ್ರವನ್ನು ಕೊಲ್ಲುವ, ಆದರೆ ಮನುಷ್ಯರಿಗೆ ಹಾನಿ ಮಾಡದ ಮೊದಲ ಉಪಯುಕ್ತ ಔಷಧವನ್ನು ಹುಡುಕಿದ ಇಬ್ಬರಲ್ಲಿ ಒಬ್ಬರು ಅವರು. ಆ ಔಷಧದ ಹೆಸರು ನಿಸ್ಟಾಟಿನ್.

ಹತ್ತಿ ಬೆಳೆಯುವ ಊರಿನ ಹುಡುಗಿ

ಹೇಜನ್ ಹುಟ್ಟಿದ್ದು 1885ರ ಆಗಸ್ಟ್ 24ರಂದು, ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದಲ್ಲಿ. ಹತ್ತಿ ಬೆಳೆಯುವ ಸೀಮೆ ಅದು. ಅವರಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಸಂಬಂಧಿಕರ ಮನೆಯಲ್ಲಿ ಬೆಳೆದರು. ಹಳ್ಳಿ ಶಾಲೆಯಲ್ಲಿ ಓದು ಮುಗಿಸಿ, ಹೆಣ್ಣುಮಕ್ಕಳಿಗಾಗಿಯೇ ಸರ್ಕಾರ ನಡೆಸುತ್ತಿದ್ದ ಕಾಲೇಜು ಸೇರಿ 1910ರಲ್ಲಿ ಪದವಿ ಪಡೆದರು. ಆಮೇಲೆ ಕೆಲವು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ.

ಅಷ್ಟಕ್ಕೇ ನಿಲ್ಲಬಹುದಿತ್ತು. ಹೇಜನ್ ನಿಲ್ಲಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1917ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ ಪ್ರಯೋಗಾಲಯದಲ್ಲಿ ದುಡಿದರು, ಬಳಿಕ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಮತ್ತೆ ಕೊಲಂಬಿಯಾಕ್ಕೆ ಮರಳಿ 1927ರಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಾಗ ಅವರ ವಯಸ್ಸು ನಲವತ್ತು ದಾಟಿತ್ತು.

1931ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಜಿಲ್ಲಾ ಆಸ್ಪತ್ರೆಯ ಲ್ಯಾಬಿಗೆ ನಾವು ಕೊಡುವ ರಕ್ತ, ಕಫದ ಮಾದರಿಗಳನ್ನು ನೆನೆಸಿಕೊಳ್ಳಿ. ಹೇಜನ್ ಅವರ ಕೆಲಸವೂ ಅಂಥದ್ದೇ: ಯಾವ ರೋಗಿಗೆ ಯಾವ ಸೂಕ್ಷ್ಮಜೀವಿ ತಗುಲಿದೆ ಎಂದು ಪತ್ತೆ ಹಚ್ಚುವುದು. ಒಮ್ಮೆ ಆಂಥ್ರಾಕ್ಸ್ ರೋಗ ಕಾಣಿಸಿಕೊಂಡಾಗ ಅದರ ಮೂಲ ಒಂದು ಬ್ರಷ್ ಕಾರ್ಖಾನೆ ಎಂದು ಜಾಡು ಹಿಡಿದು ತೋರಿಸಿದರು. ಪೇಪರಿನಲ್ಲಿ ಹೆಸರು ಬರುವ ಕೆಲಸವಲ್ಲ, ಆದರೆ ನಿಂತರೆ ಊರಿಗೇ ತೊಂದರೆಯಾಗುವ ಕೆಲಸ.

ಬ್ಯಾಕ್ಟೀರಿಯಾ ಸತ್ತಿತು, ಶಿಲೀಂಧ್ರ ಎದ್ದಿತು

1940ರ ದಶಕದಲ್ಲಿ ವೈದ್ಯಕೀಯವೇ ಬದಲಾಯಿತು. ಪೆನಿಸಿಲಿನ್ ಬಂತು. 1943ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಕ್ಷಯ, ನ್ಯುಮೋನಿಯಾದಿಂದ ಸಾಯುತ್ತಿದ್ದವರು ಬದುಕತೊಡಗಿದರು.

ಜೊತೆಗೆ ಹೊಸದೊಂದು ತೊಂದರೆಯೂ ಕಾಣಿಸಿತು. ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ. ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರವೂ ಅಲ್ಲೇ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ತನಕ ಅದು ಬಾಲ ಬಿಚ್ಚುವುದಿಲ್ಲ. ಆಂಟಿಬಯೋಟಿಕ್ ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ. ಆದರೆ ಶಿಲೀಂಧ್ರವನ್ನು ಅದು ಏನೂ ಮಾಡಲಾರದು. ಬೇಲಿ ಕಿತ್ತ ಗದ್ದೆಗೆ ದನ ನುಗ್ಗಿದ ಹಾಗೆ ಕ್ಯಾಂಡಿಡಾ ಬೆಳೆಯತೊಡಗಿತು. ಬಾಯಲ್ಲಿ ಬಿಳಿ ಪದರ, ಹೆಂಗಸರಿಗೆ ಕೆಳಗೆ ತುರಿಕೆ, ತೀರಾ ನಿತ್ರಾಣರಾದ ರೋಗಿಗಳಲ್ಲಿ ರಕ್ತಕ್ಕೂ ಹರಡುವ ಸೋಂಕು. ಇದಕ್ಕೆ ಕೊಡಲು ವೈದ್ಯರ ಬಳಿ ಸರಿಯಾದ ಮದ್ದೇ ಇರಲಿಲ್ಲ.

1944ರಲ್ಲಿ ಇಲಾಖೆ ಶಿಲೀಂಧ್ರ ರೋಗಗಳ ಕೆಲಸವನ್ನು ಹೇಜನ್ ಅವರಿಗೆ ವಹಿಸಿತು. ಆಗ ಅವರ ವಯಸ್ಸು 59. ನಮ್ಮಲ್ಲಾದರೆ ನಿವೃತ್ತಿಯ ಬೀಳ್ಕೊಡುಗೆ ಸಮಾರಂಭಕ್ಕೆ ಶಾಲು, ಹಾರ ತರುವ ವಯಸ್ಸು. ಅವರು ಹೊಸ ವಿಷಯವನ್ನು ಮೊದಲಿನಿಂದ ಕಲಿಯಲು ಕೂತರು.

ಕೊಲ್ಲುವುದು ಸುಲಭ, ಕಾಪಾಡುವುದು ಕಷ್ಟ

ಶಿಲೀಂಧ್ರವನ್ನು ಕೊಲ್ಲುವ ರಾಸಾಯನಿಕಗಳಿಗೆ ಕೊರತೆ ಇರಲಿಲ್ಲ. ಅಡಿಕೆ ಕೊಳೆಗೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೊ ದ್ರಾವಣ ಹೊಡೆಯುತ್ತೇವಲ್ಲ, ಅದು ಕೊಳೆಯನ್ನು ತಡೆಯುತ್ತದೆ. ಹಾಗೆಂದು ಅದನ್ನು ಯಾರೂ ಕುಡಿಯುವುದಿಲ್ಲ. ತೊಡಕು ಇರುವುದೇ ಇಲ್ಲಿ. ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದ ಕೋಶಕ್ಕಿಂತ ನಮ್ಮ ಕೋಶವನ್ನೇ ಹೆಚ್ಚು ಹೋಲುತ್ತದೆ. ಹಾಗಾಗಿ ಅದಕ್ಕೆ ವಿಷವಾದದ್ದು ಬಹಳ ಸಲ ನಮಗೂ ವಿಷ.

ಹೇಜನ್ ಮಣ್ಣಿನಲ್ಲಿ ಹುಡುಕತೊಡಗಿದರು. ಮಲೆನಾಡಿನಲ್ಲಿ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಘಮ ಗೊತ್ತಲ್ಲ? ಆ ವಾಸನೆ ಬರುವುದು ಮುಖ್ಯವಾಗಿ ಸ್ಟ್ರೆಪ್ಟೊಮೈಸಿಸ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ತಯಾರಿಸುವ ಒಂದು ವಸ್ತುವಿನಿಂದ. ಇದೇ ಗುಂಪಿನ ಬ್ಯಾಕ್ಟೀರಿಯಾಗಳು ಬೇರೆ ಜೀವಿಗಳನ್ನು ಕೊಲ್ಲುವ ರಾಸಾಯನಿಕಗಳನ್ನೂ ಮಾಡುತ್ತವೆ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಈ ಗುಂಪಿನಿಂದಲೇ. ಶಿಲೀಂಧ್ರ ಕೊಲ್ಲುವಂಥದ್ದೂ ಇಲ್ಲಿ ಸಿಗಬಹುದು ಎಂಬುದು ಹೇಜನ್ ಅವರ ಲೆಕ್ಕಾಚಾರ.

ಆದರೆ ಮಣ್ಣಿನ ಜೀವಿಯಿಂದ ಔಷಧದ ಅಂಶವನ್ನು ಬೇರ್ಪಡಿಸಲು ರಸಾಯನ ವಿಜ್ಞಾನಿ ಬೇಕು. 1948ರಲ್ಲಿ ಅದೇ ಇಲಾಖೆಯ ಆಲ್ಬನಿ ನಗರದ ಪ್ರಯೋಗಾಲಯದಲ್ಲಿದ್ದ ರೇಚಲ್ ಫುಲ್ಲರ್ ಬ್ರೌನ್ ಜೊತೆಯಾದರು. ಬ್ರೌನ್ 1898ರಲ್ಲಿ ಹುಟ್ಟಿದವರು, ಹೇಜನ್ ಅವರಿಗಿಂತ 13 ವರ್ಷ ಚಿಕ್ಕವರು. ಅವರೂ ಕಷ್ಟದಲ್ಲೇ ಓದಿದವರು. ಕುಟುಂಬಕ್ಕೆ ಪರಿಚಯದ ಮಹಿಳೆಯೊಬ್ಬರು ಕಾಲೇಜಿನ ಶುಲ್ಕ ಕಟ್ಟಿದ್ದರಿಂದ ಅವರ ಓದು ಮುಂದುವರಿದಿತ್ತು.

ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಸುಮಾರು 240 ಕಿ.ಮೀ. ದೂರದ ಆಲ್ಬನಿಯಲ್ಲಿ. ನಡುವೆ ಅಂಚೆ. ಹೇಜನ್ ಬೇರೆ ಬೇರೆ ಕಡೆಯ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಎರಡು ರೋಗಕಾರಕ ಶಿಲೀಂಧ್ರಗಳ ಮೇಲೆ ಪರೀಕ್ಷಿಸುತ್ತಿದ್ದರು. ಒಂದು ಕ್ಯಾಂಡಿಡಾ, ಇನ್ನೊಂದು ಮೆದುಳಿಗೆ ಸೋಂಕು ತರುವ ಕ್ರಿಪ್ಟೊಕಾಕಸ್. ಗುಣ ಕಂಡರೆ ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಜಾಡಿಯಲ್ಲಿ ತುಂಬಿ ಅಂಚೆಗೆ ಹಾಕುವುದು. ಬ್ರೌನ್ ಅದರಲ್ಲಿನ ಔಷಧದ ಅಂಶವನ್ನು ಬೇರ್ಪಡಿಸಿ ಮತ್ತೆ ಅಂಚೆಯಲ್ಲೇ ವಾಪಸ್ ಕಳಿಸುವುದು. ಹೇಜನ್ ಅದನ್ನು ಪುನಃ ಶಿಲೀಂಧ್ರದ ಮೇಲೆ, ಆಮೇಲೆ ಇಲಿಗಳ ಮೇಲೆ ಪರೀಕ್ಷಿಸುವುದು.

ಹೆಚ್ಚಿನ ಸಲ ಶಿಲೀಂಧ್ರವೂ ಸಾಯುತ್ತಿತ್ತು, ಇಲಿಗೂ ಅದು ವಿಷವಾಗುತ್ತಿತ್ತು. ಮತ್ತೆ ಹೊಸ ಮಣ್ಣು, ಹೊಸ ಜಾಡಿ.

ಪರಿಚಯದವರ ಫಾರ್ಮಿನ ಮಣ್ಣು

ಕೊನೆಗೆ ಫಲ ಕೊಟ್ಟ ಮಣ್ಣು ಬಂದದ್ದು ವರ್ಜೀನಿಯಾ ರಾಜ್ಯದಲ್ಲಿದ್ದ ಹೇಜನ್ ಅವರ ಪರಿಚಯದ ನೌರ್ಸ್ ಕುಟುಂಬದ ಫಾರ್ಮಿನಿಂದ. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಅದೇ ಮನೆತನದ ಹೆಸರಿಟ್ಟು ಸ್ಟ್ರೆಪ್ಟೊಮೈಸಿಸ್ ನೌರ್ಸಿ ಎಂದು ಕರೆದರು.

ಅದು ಶಿಲೀಂಧ್ರ ಕೊಲ್ಲುವ ಎರಡು ವಸ್ತುಗಳನ್ನು ತಯಾರಿಸುತ್ತಿತ್ತು. ಒಂದು ಪ್ರಾಣಿಗಳಿಗೂ ವಿಷ. ಇನ್ನೊಂದು ಶಿಲೀಂಧ್ರವನ್ನು ಕೊಂದು ಇಲಿಯನ್ನು ಬಿಟ್ಟಿತು. ಎರಡನ್ನೂ ಬೇರೆ ಮಾಡಿದ್ದು ಬ್ರೌನ್ ಅವರ ಕೈಚಳಕ. 1950ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಆಗ ಹೇಜನ್ ಅವರಿಗೆ 65 ವರ್ಷ. ಔಷಧಕ್ಕೆ ತಮ್ಮ ಹೆಸರು ಇಟ್ಟುಕೊಳ್ಳಲಿಲ್ಲ. ಸಂಬಳ ಕೊಟ್ಟ ನ್ಯೂಯಾರ್ಕ್ ರಾಜ್ಯದ ಹೆಸರಿನಿಂದ ನಿಸ್ಟಾಟಿನ್ ಎಂದರು. 1954ರಲ್ಲಿ ಅದು ಅಮೆರಿಕದ ಔಷಧ ಅಂಗಡಿಗಳಿಗೆ ಬಂತು.

ಇದು ಕೆಲಸ ಮಾಡುವ ರೀತಿ ಸರಳ. ಶಿಲೀಂಧ್ರದ ಕೋಶದ ಹೊರಪದರದಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇದೆ. ನಮ್ಮ ಕೋಶದಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇದೆ. ನಿಸ್ಟಾಟಿನ್ ಎರ್ಗೋಸ್ಟೆರಾಲಿಗೆ ಅಂಟಿಕೊಂಡು ಪದರದಲ್ಲಿ ತೂತು ಮಾಡುತ್ತದೆ. ತೂತಾದ ಕೊಡದಿಂದ ನೀರು ಸೋರಿದಂತೆ ಕೋಶದ ಒಳಗಿನ ಲವಣ ಸೋರಿ ಶಿಲೀಂಧ್ರ ಸಾಯುತ್ತದೆ. ಬ್ಯಾಕ್ಟೀರಿಯಾದಲ್ಲಿ ಎರ್ಗೋಸ್ಟೆರಾಲ್ ಇಲ್ಲ. ಹಾಗಾಗಿ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುತ್ತದೆ.

ಇನ್ನೊಂದು ಗುಣ ಗರ್ಭಿಣಿಯರಿಗೆ ಬಹಳ ಮುಖ್ಯ. ನಿಸ್ಟಾಟಿನ್ ಚರ್ಮದಿಂದಾಗಲಿ, ಕರುಳಿನಿಂದಾಗಲಿ, ಯೋನಿಯಿಂದಾಗಲಿ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಇಟ್ಟ ಜಾಗದಲ್ಲೇ ಕೆಲಸ ಮುಗಿಸುತ್ತದೆ. ತಾಯಿಯ ರಕ್ತಕ್ಕೆ ಹೋಗದ್ದು ಮಗುವಿಗೂ ಹೋಗುವುದಿಲ್ಲ.

ಬಸುರಿಯಲ್ಲೇ ಯಾಕೆ ಹೆಚ್ಚು?

ಸುಮಾರು ನಾಲ್ವರು ಮಹಿಳೆಯರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ಸಾಮಾನ್ಯ. ಈ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನ್ ಏರುತ್ತದೆ. ಅದರಿಂದ ಯೋನಿಯ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಹೆಚ್ಚುತ್ತದೆ. ಯೀಸ್ಟಿಗೆ ಅದು ಊಟ. ಇದು ತಿಂದದ್ದರ ಉಷ್ಣವಲ್ಲ, ಕೊಳಕಿನಿಂದ ಬಂದದ್ದಲ್ಲ, ನಡತೆಗೆ ಸಂಬಂಧಿಸಿದ್ದಂತೂ ಅಲ್ಲವೇ ಅಲ್ಲ. ಒದ್ದೆ, ಬಿಗಿ ಒಳಉಡುಪು ಅದಕ್ಕೆ ಅನುಕೂಲ ಮಾಡಿಕೊಡುತ್ತದೆ ಅಷ್ಟೆ. ಮಲೆನಾಡಿನ ಮಳೆಗಾಲದಲ್ಲಿ ಅಂಥ ಬಟ್ಟೆ ತಪ್ಪಿದ್ದಲ್ಲ.

ಥ್ರಶ್ ಎಂದು ಕರೆಯುವ ಈ ಸೋಂಕಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಹೆರಿಗೆಯ ಹೊತ್ತಿಗೂ ಇದ್ದರೆ ಮಗುವಿನ ನಾಲಿಗೆ ಮೇಲೆ ಬಿಳಿ ಪದರ ಬರಬಹುದು. ಅದಕ್ಕೂ ಮಕ್ಕಳ ವೈದ್ಯರು ಕೊಡುವ ಹನಿಗಳಲ್ಲಿ ಒಂದು ಇದೇ ನಿಸ್ಟಾಟಿನ್.

ಈಗ ಆ ಒಂದೇ ಮಾತ್ರೆಯ ವಿಷಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ಲುಕೊನಜೋಲ್ ಮಾತ್ರೆ ಗರ್ಭಿಣಿಯಲ್ಲದವರಿಗೆ ಒಳ್ಳೆಯ ಮದ್ದೇ. ಆದರೆ ಅದು ನಿಸ್ಟಾಟಿನ್ ತರಹ ಅಲ್ಲ, ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುತ್ತದೆ. ಮೊದಲ ಮೂರು ತಿಂಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ, ಬಹಳ ದಿನ ತೆಗೆದುಕೊಂಡ ತಾಯಂದಿರ ಕೆಲವು ಮಕ್ಕಳಲ್ಲಿ ಹುಟ್ಟುದೋಷ ಕಂಡುಬಂದಿದೆ. 2016ರಲ್ಲಿ ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು, ಗರ್ಭಿಣಿಯಾಗಿದ್ದಾಗ ಈ ಮಾತ್ರೆ ನುಂಗಿದವರಲ್ಲಿ ಗರ್ಭಪಾತ ಹೆಚ್ಚು ಎಂದು ತೋರಿಸಿತು. ಮಾತ್ರೆಯೇ ಕಾರಣ ಎಂದು ಅದು ಸಾಬೀತು ಮಾಡಿಲ್ಲ. ಆದರೆ ಸುರಕ್ಷಿತ ಮದ್ದು ಬೇರೆ ಇರುವಾಗ ಅಪಾಯ ಯಾಕೆ?

ಬಸುರಿ ಎಂದು ಗೊತ್ತಾಗುವ ಮೊದಲೇ ಒಂದು ಮಾತ್ರೆ ನುಂಗಿದ್ದರೆ ಗಾಬರಿಯಾಗಬೇಡಿ. ಮುಚ್ಚಿಡದೆ ವೈದ್ಯರಿಗೆ ಹೇಳಿ.

ಇಂದು ವೈದ್ಯರು ಗರ್ಭಿಣಿಯರಿಗೆ ಹೆಚ್ಚಾಗಿ ಬರೆಯುವುದು ಕ್ಲೋಟ್ರಿಮಜೋಲ್ ಅಥವಾ ಮೈಕೋನಜೋಲ್ ಎಂಬ ನಂತರದ ಔಷಧಗಳನ್ನು. ಒಳಗೆ ಇಡುವ ಮಾತ್ರೆ ಅಥವಾ ಹಚ್ಚುವ ಮುಲಾಮು, ಸಾಮಾನ್ಯವಾಗಿ 7 ದಿನ. ಇವೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಶಿಲೀಂಧ್ರ ಸಾಯಬೇಕು, ಉಳಿದವರಿಗೆ ಏನೂ ಆಗಬಾರದು ಎಂಬ ಹೇಜನ್ ಅವರ ಹಳೆಯ ನಿಯಮವೇ ಇಲ್ಲೂ ಇರುವುದು.

ದುಡ್ಡು ಎಲ್ಲಿಗೆ ಹೋಯಿತು?

ನಿಸ್ಟಾಟಿನ್‌ನ ಪೇಟೆಂಟ್ ಹಣ 1.3 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಹೇಜನ್, ಬ್ರೌನ್ ಇಬ್ಬರೂ ಅದನ್ನು ಮನೆಗೆ ಒಯ್ಯಲಿಲ್ಲ. ಎಲ್ಲವನ್ನೂ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. ಅರ್ಧ ಹಣ ಇಬ್ಬರ ಹೆಸರಿನ ನಿಧಿಗೆ ಹೋಗಿ, ಜೀವವಿಜ್ಞಾನ ಓದುವ, ಸಂಶೋಧನೆ ಮಾಡುವ ಎಷ್ಟೋ ಜನರಿಗೆ ನೆರವಾಯಿತು.

ಔಷಧವೂ ಆಸ್ಪತ್ರೆಯಾಚೆ ನಡೆಯಿತು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರ ಪ್ರವಾಹದಲ್ಲಿ ಮುಳುಗಿ ಹಳೆಯ ಕಲಾಕೃತಿಗಳಿಗೆ ಬೂಷ್ಟು ಹಿಡಿದಾಗ, ಅವುಗಳನ್ನು ಉಳಿಸಲು ನಿಸ್ಟಾಟಿನ್ ಬಳಸಿದರು.

ಹೇಜನ್ 1960ರಲ್ಲಿ ನಿವೃತ್ತರಾದರು. ಆಮೇಲೂ ಕೊಲಂಬಿಯಾದ ಶಿಲೀಂಧ್ರ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಮಾಡುತ್ತಿದ್ದರು. ಪ್ರಚಾರ ಎಂದರೆ ಆಗದು. 1975ರ ಜೂನ್ 24ರಂದು ತೀರಿಕೊಂಡರು. 1980ರಲ್ಲಿ ಬ್ರೌನ್ ಕೂಡ ಹೋದರು. 1994ರಲ್ಲಿ ಅಮೆರಿಕದ ಸಂಶೋಧಕರ ಗೌರವ ಪಟ್ಟಿಯಲ್ಲಿ ಇಬ್ಬರ ಹೆಸರೂ ಸೇರಿತು.

ಫಾರ್ವರ್ಡ್ ಮಾಡುವ ಮೊದಲು ಇಷ್ಟು ಓದಿ

• ಮೊಸರು, ಬೆಳ್ಳುಳ್ಳಿ ಒಳಗೆ ಇಡಬೇಡಿ. ಮೊಸರಿನ ಬ್ಯಾಕ್ಟೀರಿಯಾ ಬೇರೆ, ಯೋನಿಯನ್ನು ಕಾಯುವ ಬ್ಯಾಕ್ಟೀರಿಯಾ ಬೇರೆ. ಬೆಳ್ಳುಳ್ಳಿ ಚರ್ಮವನ್ನು ಸುಡಬಹುದು. ಊಟಕ್ಕೆ ಎರಡೂ ಒಳ್ಳೆಯವೇ.

• ಸೋಪು, ಕ್ರಿಮಿನಾಶಕ ದ್ರಾವಣ, ಸೋಡಾ ನೀರಿನಿಂದ ಒಳಗೆ ತೊಳೆಯಬೇಡಿ. ಹೊರಗೆ ಬರೀ ನೀರು ಸಾಕು.

• ಎಳನೀರು ಕುಡಿಯಿರಿ, ಬಾಯಾರಿಕೆಗೆ ಒಳ್ಳೆಯದು. ಶಿಲೀಂಧ್ರಕ್ಕೆ ಅದು ಮದ್ದಲ್ಲ.

• ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ತುರಿಕೆ ಹೆಚ್ಚಾಗುವುದೇ ಹೊರತು ಕಡಿಮೆಯಾಗದು.

• ಹತ್ತಿಯ, ಸಡಿಲವಾದ, ಪೂರ್ತಿ ಒಣಗಿದ ಒಳಉಡುಪು ಹಾಕಿ. ಮಳೆಗಾಲದಲ್ಲಿ ಇಸ್ತ್ರಿ ಹಾಕಿ ಒಣಗಿಸಿಕೊಂಡರೂ ಆದೀತು.

• ಬಸುರಿಯಲ್ಲಿ ತೆಳುವಾದ, ಬಿಳಿಯ, ತುರಿಕೆ ಇಲ್ಲದ ಸೆರಗು ಸಹಜ. ಆದರೆ ಕೆಟ್ಟ ವಾಸನೆ, ಹಳದಿ ಅಥವಾ ಹಸಿರು ಬಣ್ಣ, ರಕ್ತ, ನೀರು ಸೋರಿದಂತಾಗುವುದು, ಜ್ವರ, ಹೊಟ್ಟೆನೋವು ಇದ್ದರೆ ಅದು ಥ್ರಶ್ ಅಲ್ಲದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

• ಪದೇ ಪದೇ ಬಂದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಗರ್ಭಿಣಿಯರ ಮಧುಮೇಹದ ಸುಳಿವೂ ಇರಬಹುದು.

ಹೇಳುವುದು ಯಾರಿಗೆ ಎಂಬ ಪ್ರಶ್ನೆ ಉಳಿಯಿತು. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಬಹುದು, ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿ ಬಾಯಿಬಿಟ್ಟು ಎರಡು ಮಾತು ಹೇಳಿದರೆ ಸಾಕು: ತುರಿಕೆ ಇದೆ, ನಾನು ಇಷ್ಟು ತಿಂಗಳ ಬಸುರಿ. ಮೆಡಿಕಲ್ ಶಾಪಿನಲ್ಲೂ ಆ ಎರಡನೇ ಮಾತನ್ನು ಮರೆಯದೆ ಹೇಳಿ.

ಮಳೆಗಾಲ ಪೂರ್ತಿ ಕೊಳೆಯ ಬಗ್ಗೆ, ಬೂಷ್ಟಿನ ಬಗ್ಗೆ ಮಾತಾಡುವ ನಾವು ಇದರ ಬಗ್ಗೆಯೂ ಮಾತಾಡಬಹುದು. ಇದನ್ನು ನಿಮ್ಮ ಮನೆಯ ಗ್ರೂಪಿಗೆ ಕಳಿಸಿ, ಗಂಡಸರೂ ಓದಲಿ.